ರಂಗೋಲಿ ಎಳೆಯ ಇನ್ವರ್ಟರ್

ನಾನು ಓದು ನಿಲ್ಲಿಸಿದ್ದು ೧೯೭೨ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ. ಬಡತನ ಕಾರಣ ಎಂದು ಹೇಳಿಕೊಂಡರೆ ಕೇಳುವವರು ಮರುಕಪಡುತ್ತಾರೆ, ನನಗೂ ಒಂದಿಷ್ಟು ಮರ್ಯಾದೆ ಸಿಗುತ್ತದೆ. ಆದರೆ ನಮ್ಮ ಮನೆಯಲ್ಲಿ ಶಾಲೆ ಬಿಡಿಸುವಂಥ ಬಡತನವೇನೂ ಇರಲಿಲ್ಲ. ನಿಜವಾದ ಕಾರಣ ಅರಬ್ಬೀ ಸಮುದ್ರ.

ಮೇಷ್ಟ್ರು ರಾಜ್ಯದ ನಕ್ಷೆ ಬರೆದುಕೊಂಡು ಬರಲು ಹೇಳಿದ್ದರು. ನಾನು ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿ, ಪುಸ್ತಕದ ಮೇಲಿಟ್ಟು, ಗೆರೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ತೆಗೆದಿದ್ದೆ. ಬೆಳಿಗ್ಗೆ ಅವಸರದಲ್ಲಿ ಅದೇ ಕಾಗದವನ್ನು ಮಗುಚಿ ಹಾಕಿ ನೋಟ್‌ಬುಕ್ಕಿಗೆ ಇಳಿಸಿದೆ. ಸಮುದ್ರ ಪೂರ್ವಕ್ಕೆ ಬಂತು. ಮೇಷ್ಟ್ರು ಅದನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿ, "ನೋಡ್ರಪ್ಪ, ಇವನು ಮಂಗಳೂರನ್ನ ಕೋಲಾರದ ಜಾಗಕ್ಕೆ ತಂದಾನೆ. ಇನ್ನು ಕೋಲಾರದೋರಿಗೆ ನೀರಿನ ಚಿಂತಿಲ್ಲ" ಎಂದರು. ತರಗತಿ ನಕ್ಕಿತು. ಮಧ್ಯಾಹ್ನ ಊಟಕ್ಕೆಂದು ಹೊರಗೆ ಹೋದವನು ಮತ್ತೆ ಒಳಗೆ ಹೋಗಲಿಲ್ಲ. ಗೆರೆ ಸರಿಯಾಗಿತ್ತಲ್ಲ, ಮಗ್ಗುಲು ಮಾತ್ರ ತಪ್ಪಿತ್ತು ಎಂಬುದು ನನ್ನ ವಾದ. ಆ ವಾದವನ್ನು ಮೇಷ್ಟ್ರಿಗೆ ಹೇಳಲು ಇವತ್ತಿನವರೆಗೆ ಬಿಡುವಾಗಿಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣವುಂಟು. ಮೊನ್ನೆ ಅಂಗಡಿಯ ಡ್ರಾಯರು ಚೊಕ್ಕ ಮಾಡುವಾಗ ಮೂಲೆಯಲ್ಲಿ ಒಂದು ಉಗುರುಬಣ್ಣದ ಸೀಸೆ ಸಿಕ್ಕಿತು. ಒಳಗಿನ ಬಣ್ಣ ಒಣಗಿ ಕಲ್ಲಾಗಿದೆ. ಎದುರಿಗೆ ಕುಳಿತಿದ್ದ ಗಿರಾಕಿ ಅದನ್ನು ನೋಡಿ, ನನ್ನನ್ನು ನೋಡಿ, ಆಮೇಲೆ ಗೋಡೆ ನೋಡಿದರು. ಅಂಥ ನೋಟ ನನಗೆ ಹೊಸದಲ್ಲ. ಮದುವೆಯಾಗದ ಹುಡುಗ ಚನ್ನಗಿರಿಯಂಥ ಊರಿನಲ್ಲಿ ಉಗುರುಬಣ್ಣ ಕೊಂಡರೆ ಏನೇನಾಗುತ್ತದೆ ಎಂಬುದನ್ನು ನಾನು ಆಗಲೇ ಅನುಭವಿಸಿ ಮುಗಿಸಿದ್ದೇನೆ.

"ಯಾರಿಗಪ್ಪ ಇದು?" ಎಂದು ಕೇಳಿದ್ದರು ಬಳೆ ಅಂಗಡಿಯಾಕೆ.

"ನನಗೇ. ಬೋರ್ಡಿಗೆ ಹಚ್ಚಾಕೆ."

"ಅಂಗಡಿ ಬೋರ್ಡಿಗಾ? ಅದಕ್ಕೆ ಪೇಂಟ್ ಸಿಗ್ತತಲ್ಲ."

"ಆ ಬೋರ್ಡಲ್ಲ. ಪೆಟ್ಟಿಗೆ ಒಳಗಿರೋ ಬೋರ್ಡಿಗೆ."

"ಒಳಗಿರೋದಕ್ಕೆ ಬಣ್ಣ ಹಚ್ಚಿದ್ರೆ ಯಾರು ನೋಡ್ತಾರೆ?" ಎಂದು ಆಕೆ ಸೀಸೆಯನ್ನು ಕಾಗದದಲ್ಲಿ ಸುತ್ತಿಕೊಟ್ಟರು. ಸುತ್ತಿದ ರೀತಿಯಲ್ಲೇ ಸುದ್ದಿ ಇತ್ತು. ವಾರದೊಳಗೆ ಅದು ಜಗಳೂರಿಗೆ ಕೊಟ್ಟ ನಮ್ಮ ಅಕ್ಕನಿಗೆ ಮುಟ್ಟಿ, ಅಕ್ಕ ಬಸ್ಸು ಹತ್ತಿ ಬಂದು, ಬಾಗಿಲಲ್ಲೇ ನಿಂತು, "ಯಾರ ಮನಿ ಹುಡುಗಿ ಹೇಳಿಬಿಡು, ನಾನೇ ಹೋಗಿ ಮಾತಾಡ್ತೀನಿ" ಎಂದಳು. ಅವಳಿಗೆ ತಾಮ್ರ ಅಂಟಿಸಿದ ಹಲಗೆಯನ್ನೂ ಹಳದಿ ದ್ರಾವಣವನ್ನೂ ತೋರಿಸಿದೆ. ಹಲಗೆಯ ತಾಮ್ರದ ಮೇಲೆ ಉಗುರುಬಣ್ಣದಲ್ಲಿ ಗೆರೆ ಎಳೆಯುವುದು, ಒಣಗಿದ ಮೇಲೆ ದ್ರಾವಣದಲ್ಲಿ ಮುಳುಗಿಸುವುದು. ಬಣ್ಣವಿದ್ದ ಕಡೆ ತಾಮ್ರ ಉಳಿಯುತ್ತದೆ, ಇಲ್ಲದ ಕಡೆ ದ್ರಾವಣ ತಿಂದುಹಾಕುತ್ತದೆ. ಉಳಿದ ತಾಮ್ರದ ಗೆರೆಯೇ ಕರೆಂಟಿನ ದಾರಿ, ವೈರು ಬೇಕಿಲ್ಲ ಎಂದು ವಿವರಿಸಿದೆ. ಅಕ್ಕ ಎಲ್ಲ ಕೇಳಿ, "ಹುಡುಗಿ ಇಲ್ಲ ಅಂದಂಗಾತು" ಎಂದು ನಿರಾಸೆಯಿಂದ ಮರುದಿನದ ಬಸ್ಸಿಗೆ ಹೋದಳು.

ಈ ವಿದ್ಯೆಯನ್ನು ನನಗೆ ಕಲಿಸಿದವರು ಬಾಷಾ ಸಾಬರು. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದರು. ಶಾಲೆಯಿಂದ ಹೊರಬಿದ್ದ ಮೇಲೆ ಅವರ ಅಂಗಡಿಯಲ್ಲಿ ಕೂತೆ. ಅವರದು ಮೂಗಿನ ವಿದ್ಯೆ. ಸುಟ್ಟ ಸೆಟ್ಟನ್ನು ಬಿಚ್ಚುವ ಮೊದಲು ಒಮ್ಮೆ ಮೂಸುತ್ತಿದ್ದರು. ಹುರಿದ ಈರುಳ್ಳಿಯ ವಾಸನೆ ಬಂದರೆ ಇಂಥದ್ದು, ಸೀದ ಬೆಲ್ಲದ ವಾಸನೆ ಬಂದರೆ ಟ್ರಾನ್ಸ್‌ಫಾರ್ಮರು, ಏನೂ ವಾಸನೆ ಬರದಿದ್ದರೆ ಗಿರಾಕಿಯೇ ಒಳಗೆ ಕೈ ಹಾಕಿದ್ದಾನೆ ಎಂದು ಲೆಕ್ಕ. "ಬೇಟಾ, ಕರೆಂಟು ಕಣ್ಣಿಗೆ ಕಾಣಲ್ಲ. ಅದಕ್ಕೇ ಅದರ ಮ್ಯಾಲೆ ಸುಳ್ಳು ಹೇಳಾಕೆ ಬಲು ಸಸಾರ. ನೀನು ಹೇಳಬ್ಯಾಡ" ಎನ್ನುತ್ತಿದ್ದರು. ಹಾಗೆ ನಾನು ಹೇಳಿಲ್ಲ. ನನ್ನ ಕೈಕೆಲಸದ ಬಗ್ಗೆ ನನಗೆ ಜಂಬವಿದೆ, ಅದನ್ನು ಮುಚ್ಚಿಡುವಷ್ಟು ಓದು ಮಾತ್ರ ಇಲ್ಲ.

ಎಂಬತ್ತರ ದಶಕ ಬರುವ ಹೊತ್ತಿಗೆ ನನಗೆ ಸ್ವಂತ ಅಂಗಡಿಯಾಗಿತ್ತು. ಸಂಜೆಯಾದರೆ ಕರೆಂಟು ಹೋಗುವುದು ನಮ್ಮ ಕಡೆ ಸೂರ್ಯ ಮುಳುಗುವಷ್ಟೇ ಖಚಿತವಾಗಿತ್ತು. ರೇಡಿಯೋ ಬಿಟ್ಟು ನಾನು ಇನ್ವರ್ಟರಿಗೆ ಕೈ ಹಾಕಿದ್ದು ಆಗಲೇ. ಈಗ ಮನೆಮನೆಗೂ ಇರುವ ಆ ಪೆಟ್ಟಿಗೆಯನ್ನು ಆಗ ನಮ್ಮ ತಾಲ್ಲೂಕಿನಲ್ಲಿ ಕಂಡವರು ಕಡಿಮೆ. ಅದರ ಕೆಲಸ ಇಷ್ಟೇ: ಬ್ಯಾಟರಿಯ ಕರೆಂಟು ಎತ್ತಿನಗಾಡಿಯ ಹಾಗೆ ಒಂದೇ ದಿಕ್ಕಿಗೆ ಹೋಗುತ್ತದೆ, ಟ್ಯೂಬ್‌ಲೈಟಿಗೆ ಬೇಕಾದದ್ದು ಪಂಚಮಿ ಹಬ್ಬದ ಜೋಕಾಲಿಯ ಹಾಗೆ ಹೋಗಿ ಬರುವ ಕರೆಂಟು. ಜೋಕಾಲಿಯ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಸರದಿಯ ಮೇಲೆ ನೂಕುವಂತೆ ಒಳಗೆ ಎರಡು ಟ್ರಾನ್ಸಿಸ್ಟರು. ಸರದಿ ತಪ್ಪಿ ಇಬ್ಬರೂ ಒಟ್ಟಿಗೆ ನೂಕಿದರೆ ಜೋಕಾಲಿ ನಿಲ್ಲುತ್ತದೆ, ನೂಕುವವರ ರಟ್ಟೆ ಬೀಳುತ್ತದೆ. ಟ್ರಾನ್ಸಿಸ್ಟರಿಗೆ ರಟ್ಟೆಯಿಲ್ಲ, ಅದು ನೇರವಾಗಿ ಸುಡುತ್ತದೆ.

ಅಷ್ಟರಲ್ಲಿ ಹೊನ್ನಾಳಿಯಿಂದ ಸಂಬಂಧ ಬಂತು. ಹುಡುಗಿಯ ತಂದೆ ಹಾಲಪ್ಪನವರಿಗೆ ಅಲ್ಲಿ ಹೋಟೆಲು. ಗಂಡುಮಕ್ಕಳಿಲ್ಲ, ಒಬ್ಬಳೇ ಮಗಳು ನೀಲಮ್ಮ. ನಾನು ಹೋಗಿ ಚಾಪೆಯ ಮೇಲೆ ಕೂತದ್ದೇ ತಡ ಅವರು ಕೇಳಿದ ಮೊದಲ ಪ್ರಶ್ನೆ, "ಉಗುರಿಗೆ ಬಣ್ಣ ಹಚ್ಕತೀರಂತೆ, ಹೌದಾ?" ಸುದ್ದಿ ನನಗಿಂತ ಮೊದಲೇ ತುಂಗಭದ್ರೆ ದಾಟಿತ್ತು. ನಾನು ಎರಡೂ ಕೈ ಚಾಚಿದೆ. ಬೆಸುಗೆಯ ಕಾವಿಗೆ ಕಂದಿ, ದ್ರಾವಣಕ್ಕೆ ಹಳದಿಗಟ್ಟಿದ ಉಗುರುಗಳು. ಹಾಲಪ್ಪನವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕಿಂತ ಬಣ್ಣಾನೇ ವಾಸಿ ಇತ್ತು" ಎಂದರು. ಒಳಗಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಆ ನಗುವನ್ನೇ ನಾನು ಮದುವೆಯಾದೆ.

ಮಾವನವರಿಗೆ ನನ್ನ ಕೆಲಸದ ಮೇಲೆ ನಂಬಿಕೆ ಇರಲಿಲ್ಲ, ನನ್ನ ಮೇಲೆ ಇತ್ತು. ಇದು ಇನ್ನೂ ತೊಂದರೆ. "ಅಳಿಯಂದ್ರೆ, ನೀವು ಒಳ್ಳೆ ಮನುಷ್ಯರು. ಆ ವೈರು ಮೂಸೋದು ಬಿಟ್ಟು ಇಲ್ಲಿ ಬಂದು ಗಲ್ಲಾದ ಮ್ಯಾಲೆ ಕುಂದರ್ರಿ. ನನಗೂ ವಯಸ್ಸಾತು" ಎಂದು ಹೋದಾಗಲೆಲ್ಲ ಹೇಳುತ್ತಿದ್ದರು. ನಾನು ನಗುತ್ತಾ ತಪ್ಪಿಸಿಕೊಳ್ಳುತ್ತಿದ್ದೆ. ಒಂದು ದಿನ ತಪ್ಪಿಸಿಕೊಳ್ಳುವ ಭರದಲ್ಲಿ, "ನಿಮ್ಮ ಹೋಟ್ಲಿಗೆ ನಾನೇ ಇನ್ವರ್ಟರ್ ಮಾಡಿಕೊಡ್ತೀನಿ, ಅದನ್ನ ನೋಡಿ ಆಮ್ಯಾಲೆ ಮಾತಾಡ್ರಿ" ಎಂದುಬಿಟ್ಟೆ.

ಮಾವ ದೋಸೆಯ ಹೆಂಚಿನಿಂದ ಕಣ್ಣು ಕೀಳದೆ ಹೇಳಿದರು. "ಆಗ್ಲಿ. ಸಂತೆ ದಿನ ಸಂಜಿ ಬರ್ರಿ. ಅವತ್ತು ಕರೆಂಟು ಹೋಗೇ ಹೊಕ್ಕತಿ. ಹೋಟ್ಲು ಬಂದ್ ಮಾಡಾತನ ನಿಮ್ಮ ದೀಪ ಉರೀತು ಅಂದ್ರೆ ನಿಮ್ಮ ಕೆಲ್ಸ ನಿಮಗೆ. ಆರಿದ್ರೆ ಗಲ್ಲಾಕ್ಕೆ. ಮತ್ತೆ ಮಾತಿಲ್ಲ."

ಮನೆಗೆ ಬಂದು ನೀಲಮ್ಮನಿಗೆ ಹೇಳಿದೆ. ತವರೂರಿಗೆ ಹೋಗುವ ಅವಕಾಶವಿದೆಯೆಂದು ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಸಣ್ಣದಾಯಿತು.

"ಏನ್ರೀ, ನನ್ನ ಒಂದು ಮಾತು ಕೇಳಬಾರ್ದಾ? ಹುಟ್ಟಿದಾಗಿಂದ ಆ ಹೋಟ್ಲಾಗೆ ಚಟ್ನಿ ರುಬ್ಬೀನಿ. ನೀವು ಗಲ್ಲಾದ ಮ್ಯಾಲೆ ಕುಂತ್ರೆ ನಾನು ಎಲ್ಲಿ ಕುಂದ್ರಬೇಕು? ರುಬ್ಬಗುಂಡಿನ ಮುಂದೆ. ಸಾಯಾತನಕ."

"ಅದಕ್ಕೇ ದೀಪ ಆರದಂಗೆ ಮಾಡ್ತೀನಿ ಅಂತಿರಾದು."

"ಮಾಡ್ರಿ ಮತ್ತೆ. ನನ್ನ ಮುಖ ಯಾಕೆ ನೋಡ್ತೀರಿ?"

ಮಾಡಿದೆ. ಮೊದಲನೆಯ ಬೋರ್ಡು ಕೆಟ್ಟಿತು. ಹೇಗೆಂದು ನೀವು ಆಗಲೇ ಊಹಿಸಿರಬಹುದು. ಟ್ರಾನ್ಸಿಸ್ಟರು, ಟ್ರಾನ್ಸ್‌ಫಾರ್ಮರುಗಳನ್ನು ಹಲಗೆಯ ಮೇಲ್ಗಡೆಯಿಂದ ಕೂರಿಸುತ್ತೇವೆ, ತಾಮ್ರದ ಗೆರೆ ಇರುವುದು ಕೆಳಗಡೆ. ಆದ್ದರಿಂದ ಕಾಗದದ ಚಿತ್ರವನ್ನು ಮಗುಚಿ ತಾಮ್ರಕ್ಕೆ ಇಳಿಸಬೇಕು. ಶಾಲೆಯಲ್ಲಿ ಮಗುಚಬಾರದ್ದನ್ನು ಮಗುಚಿ ಅವಮಾನಪಟ್ಟವನು, ಇಲ್ಲಿ ಹತ್ತು ಸಲ ಎಚ್ಚರಿಕೆಯಿಂದ ನೋಡಿ, ಮಗುಚದೆ ಇಳಿಸಿದೆ. ಎಡಕ್ಕೆ ಬರಬೇಕಾದ ಟ್ರಾನ್ಸಿಸ್ಟರಿನ ಕಾಲು ಬಲಕ್ಕೆ ಬಂತು. ಬಾಷಾ ಸಾಬರು ಬೋರ್ಡನ್ನು ಕನ್ನಡಿಗೆ ಹಿಡಿದು, "ಕನ್ನಡಿ ಒಳಗೆ ಇನ್ನೊಂದು ಹೊನ್ನಾಳಿ ಇದ್ರೆ ಅಲ್ಲಿಗೆ ಕಳಿಸು ಬೇಟಾ, ಅಲ್ಲಿ ಉರೀತತಿ" ಎಂದರು.

ಎರಡನೆಯ ಹಲಗೆಗೆ ಗೆರೆ ಎಳೆಯಲು ಕೂತೆ. ಉಗುರುಬಣ್ಣದ ಸಣ್ಣ ಕುಂಚದಿಂದ ಎಳೆದ ಗೆರೆಗಳು ಒಂದರ ಮೇಲೊಂದು ಹರಿದು ಮುದ್ದೆಯಾದವು. ಒರೆಸಿದೆ, ಎಳೆದೆ, ಮತ್ತೆ ಒರೆಸಿದೆ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ನೀಲಮ್ಮ ಎಷ್ಟು ಹೊತ್ತೆಂದು ತಡೆದಾಳು?

"ಕೊಡ್ರಿ ಇಲ್ಲಿ. ಅದೇನು ಕೋಳಿ ಕೆದರಿದಂಗೆ ಕೆದರ್ತೀರಿ."

ತೆಂಗಿನ ಕಸಬರಿಗೆಯ ಕಡ್ಡಿಯೊಂದನ್ನು ಮುರಿದು, ತುದಿ ಚೂಪು ಮಾಡಿ, ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಎಳೆಯತೊಡಗಿದಳು. ನಮ್ಮ ಬೀದಿಯಲ್ಲಿ ಅವಳ ರಂಗೋಲಿಗೆ ಹೆಸರಿತ್ತು; ಚುಕ್ಕಿ ಎಷ್ಟೇ ಇರಲಿ, ಎಳೆ ಎಲ್ಲೂ ದಪ್ಪವಾಗದು, ಎಲ್ಲೂ ತೆಳುವಾಗದು. ದ್ರಾವಣದಿಂದ ತೆಗೆದು ತೊಳೆದಾಗ ಆ ಬೋರ್ಡು ಹೊಸ ಮದುಮಗಳ ಒಡವೆಯಂತೆ ಹೊಳೆಯಿತು. ದ್ರಾವಣ ಸುರಿದಿದ್ದ ಊಟದ ತಟ್ಟೆ, ನನ್ನ ಪಂಚೆ ಮತ್ತು ಹಜಾರದ ನೆಲದ ಒಂದು ಭಾಗ ಮಾತ್ರ ಶಾಶ್ವತವಾಗಿ ಹಳದಿಯಾದವು.

ಆ ಬೋರ್ಡನ್ನು ಹಿಡಿದು ನಾನು ಇಡೀ ಬಜಾರು ತಿರುಗಿದೆ. ಕೇಳಿದವರಿಗೂ ಕೇಳದವರಿಗೂ, "ಗೆರೆ ನಮ್ಮ ಮನೆಯವಳು ಬರೆದಿದ್ದು" ಎಂದು ಹೇಳಿದೆ. ಬಳೆ ಅಂಗಡಿಯಾಕೆಗೆ ಮುದ್ದಾಂ ಹೋಗಿ ತೋರಿಸಿದೆ. ಹೊನ್ನಾಳಿಗೂ ಸುದ್ದಿ ಹೋಗಿ, ಮಾವ ತಿಂಡಿಗೆ ಬಂದವರಿಗೆಲ್ಲ, "ಪೆಟ್ಟಿಗೆ ಅಳಿಯಂದು, ಒಳಗಿನ ರಂಗೋಲಿ ನನ್ನ ಮಗಳದು. ರಂಗೋಲಿಯೇನೋ ಚಲೋ ಇರ್ತತಿ" ಎನ್ನುತ್ತಿದ್ದರಂತೆ.

ಚಲೋ ಇತ್ತು. ಹತ್ತಲಿಲ್ಲ ಅಷ್ಟೆ. ಬ್ಯಾಟರಿ ಜೋಡಿಸಿದರೆ ಟ್ಯೂಬು ಕಣ್ಣು ಹೊಡೆಯುತ್ತದೆ, ಉರಿಯುವುದಿಲ್ಲ. ಟ್ರಾನ್ಸಿಸ್ಟರು ಮುಟ್ಟಿದರೆ ಬೆರಳು ಸುಡುತ್ತದೆ. ಪಕ್ಕದ ದರ್ಜಿಯ ರೇಡಿಯೋ ಗುರ್ರೆಂದು ಕೂಗುತ್ತದೆ. ದರ್ಜಿ ಬಾಗಿಲಲ್ಲಿ ಇಣುಕಿ, "ಪ್ರದೇಶ ಸಮಾಚಾರದಾಗೆ ಹುಲಿ ಬಂದೈತೆ, ನಿಮ್ದೇನಾ?" ಎಂದು ಕೇಳಿ ಹೋದ. ನಾನು ಟ್ರಾನ್ಸಿಸ್ಟರು ಬದಲಾಯಿಸಿದೆ. ಟ್ರಾನ್ಸ್‌ಫಾರ್ಮರನ್ನು ಪೂರ್ತಿ ಬಿಚ್ಚಿ ಮತ್ತೆ ಸುತ್ತಿದೆ. ಬ್ಯಾಟರಿಯನ್ನು ಬೈದೆ. ಪ್ರತಿ ಬೆಸುಗೆಯನ್ನೂ ಕೆದಕಿ ನೋಡಿದೆ. ಬಾಷಾ ಸಾಬರು ಬಂದು ಮೂಸಿ, "ವಾಸನೆ ಇಲ್ಲ. ಸಾಮಾನು ತಪ್ಪಿಲ್ಲ ಬೇಟಾ, ಜಾಗ ತಪ್ಪೈತೆ" ಎಂದು ಒಗಟು ಹೇಳಿ ನಮಾಜಿಗೆ ಹೊರಟುಹೋದರು.

ಒಗಟು ಬಿಡಿಸಿದ್ದು ಸಿಟ್ಟು. ಸೋತು, ಬೋರ್ಡಿನ ನಡುವೆ ಕೂರಿಸಿದ್ದ ಟ್ರಾನ್ಸ್‌ಫಾರ್ಮರನ್ನು ತಿರುಪು ಬಿಚ್ಚಿ ಕೈಯಲ್ಲಿ ಎತ್ತಿಕೊಂಡೆ. ವೈರು ಮಾತ್ರ ಜೋಡಿಸಿಯೇ ಇದ್ದವು. ಎತ್ತಿದ್ದೇ ಟ್ಯೂಬು ಹಾಲಿನಂತೆ ಉರಿಯಿತು. ದರ್ಜಿಯ ರೇಡಿಯೋದಲ್ಲಿ ಹುಲಿ ಹೋಗಿ ಮನುಷ್ಯ ಮಾತಾಡಿದ. ಕೆಳಗಿಟ್ಟೆ, ಮತ್ತೆ ರಂಪ. ಎತ್ತಿದೆ, ಸುಮ್ಮನಾಯಿತು. ತೊಟ್ಟಿಲಿಗೆ ಹಾಕಿದರೆ ಅಳುವ, ಎತ್ತಿಕೊಂಡರೆ ನಗುವ ಕೂಸು. ಹಾಗಾದರೆ ತಪ್ಪು ಕೂಸಿನದಲ್ಲ, ತೊಟ್ಟಿಲಿನದು. ಬೋರ್ಡನ್ನು ತಿರುಗಿಸಿ ನನ್ನ ಕಾಗದದ ಚಿತ್ರದ ಪಕ್ಕದಲ್ಲಿಟ್ಟು ಗೆರೆಗೆ ಗೆರೆ ಹೋಲಿಸಿದೆ.

ಬ್ಯಾಟರಿಯ ನೆಗೆಟಿವ್ ಕರೆಂಟು ಓಡಾಡುವ ಎಳೆ ಇತ್ತಲ್ಲ, ಅದು ನನ್ನ ಚಿತ್ರದಲ್ಲಿ ಎತ್ತಿನ ಲಾಳದ ಹಾಗೆ ಒಂದು ಕಡೆ ಬಾಯಿ ಬಿಟ್ಟಿತ್ತು. ಬೋರ್ಡಿನಲ್ಲಿ ಬಾಯಿ ಮುಚ್ಚಿ ಬಳೆಯಾಗಿತ್ತು. ಬಳೆಯ ನಟ್ಟನಡುವೆ ಟ್ರಾನ್ಸ್‌ಫಾರ್ಮರು. ಟ್ರಾನ್ಸ್‌ಫಾರ್ಮರೆಂದರೆ ಸುತ್ತಲಿನ ತಾಮ್ರದ ಸುತ್ತುಗಳಲ್ಲಿ ಕರೆಂಟು ಹುಟ್ಟಿಸುವ ವಸ್ತು. ಈ ಬಳೆಯೂ ಅದಕ್ಕೆ ಇನ್ನೊಂದು ಸುತ್ತಾಗಿ ಕಂಡಿತು. ಅದರಲ್ಲೂ ಕರೆಂಟು ಹುಟ್ಟಿಸಿತು. ಆ ಬೇಡದ ಕರೆಂಟು ಹೋಗಿ ನೂಕುವ ಇಬ್ಬರ ಸರದಿ ತಪ್ಪಿಸಿತು.

ಮನೆಗೆ ಹೋಗಿ ಕೇಳಿದೆ. "ನೀಲಾ, ಇಲ್ಲಿ ಯಾಕೆ ಕೂಡಿಸಿದೆ? ನಾನು ಬಿಟ್ಟಿದ್ದೆನಲ್ಲ."

"ನೀವು ಮರ್ತೀರಿ ಅನ್ಕಂಡೆ," ಎಂದಳು. "ಎಳೆ ತುದಿ ಕೂಡಿಸ್ದೆ ಯಾರಾದ್ರೂ ಬಿಡ್ತಾರೇನ್ರೀ? ಬಾಯಿ ಬಿಟ್ಟ ರಂಗೋಲಿ ಮನಿಗೆ ಒಳ್ಳೇದಲ್ಲ. ಮನಿ ಮಾತು ಬೀದಿಗೆ ಹೊಕ್ಕತಿ."

"ಅದನ್ನ ಕೊಯ್ಯಬೇಕು."

ಅವಳು ಬೋರ್ಡನ್ನು ಸೆರಗಿನೊಳಗೆ ಎಳೆದುಕೊಂಡಳು. "ಬೇಕಾದ್ರೆ ಇನ್ನೊಂದು ಬರ್ಕೊಡ್ತೀನಿ. ಬರೆದಿದ್ದನ್ನ ಕೊಯ್ಯಾಕೆ ಬಿಡಲ್ಲ. ಅಪ್ಪ ಊರಿಗೆಲ್ಲ ಹೇಳ್ಯಾರೆ."

ಇನ್ನೊಂದಕ್ಕೆ ಹಲಗೆ ಇರಲಿಲ್ಲ. ತರಿಸುವಷ್ಟರಲ್ಲಿ ಸಂತೆ ಬಂದು ಹೋಗುತ್ತಿತ್ತು. ನಾನು ಜೋಕಾಲಿ ಹೇಳಿದೆ, ತೊಟ್ಟಿಲು ಹೇಳಿದೆ, ಯಾವುದೂ ನಡೆಯಲಿಲ್ಲ. ಕೊನೆಗೆ, "ಹಂಗಾದ್ರೆ ರುಬ್ಬಗುಂಡು" ಎಂದೆ. ಅವಳು ಬೋರ್ಡನ್ನು ಸೆರಗಿನಿಂದ ಹೊರಗೆ ತೆಗೆದಳು.

"ಆ ಕರೆಂಟು ಒಳಗೆ ಬರಾದು ಯಾವ ಕಡಿಂದ?"

"ಇಗೋ, ಬ್ಯಾಟರಿ ಈ ಕಡೆ."

"ಮದ್ಲೇ ಹೇಳಬಾರ್ದಾ? ಹೊಸ್ತಿಲ ಮುಂದೆ ಬರೆಯಾಗ ಬಾಗಿಲ ಕಡಿಗೆ ಲಕ್ಷ್ಮಿ ಬರಾಕೆ ದಾರಿ ಬಿಡ್ತೀವಿ. ಇದೂ ಹೊಸ್ತಿಲೇ ಆತಲ್ಲ. ಬ್ಯಾಟರಿ ಮಗ್ಗುಲಿಗೇ ಕೊಯ್ರಿ. ಬ್ಯಾರೆ ಕಡೆ ಬ್ಯಾಡ."

ನನ್ನ ಚಿತ್ರದಲ್ಲಿ ಬಾಯಿ ಇದ್ದದ್ದು ಎದುರು ಕಡೆಗೆ. ಆದರೆ ಬಳೆ ಎಲ್ಲಿ ಕೊಯ್ದರೇನು, ಒಡೆದರೆ ಸಾಕಲ್ಲ ಎಂದು ಬ್ಲೇಡಿನಿಂದ ಅವಳು ತೋರಿಸಿದ ಕಡೆಯೇ ಗೀರಿದೆ. ಟ್ಯೂಬು ಹತ್ತಿತು. ರೇಡಿಯೋ ಸುಮ್ಮನಾಯಿತು. ಲಕ್ಷ್ಮಿಯೂ ವಿದ್ಯುತ್ತೂ ಒಪ್ಪಿದರೆಂದು ನಾನು ಪೆಟ್ಟಿಗೆಗೆ ಮುಚ್ಚಳ ಹಾಕಿದೆ.

ಸಂತೆಯ ದಿನ ಗಂಡ ಹೆಂಡತಿ ಬಸ್ಸು ಹತ್ತಿದೆವು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಸಾಸ್ವೆಹಳ್ಳಿಯ ಹತ್ತಿರ ಬಸ್ಸು ಗುಂಡಿಗೆ ಇಳಿದಾಗೆಲ್ಲ ನಾನು ಸೀಟಿನಿಂದ ಮೇಲೆದ್ದು ಪೆಟ್ಟಿಗೆಯನ್ನು ಗಾಳಿಯಲ್ಲಿ ಹಿಡಿಯುತ್ತಿದ್ದೆ. ಕಂಡಕ್ಟರು, "ಏನ್ ಸ್ವಾಮಿ, ದೇವ್ರಾ?" ಎಂದ. ನೀಲಮ್ಮ ಹೌದು ಎಂದು ತಲೆಯಾಡಿಸಿದಳು. ಅವನು ಅದಕ್ಕೆ ಲಗೇಜು ಹಾಕಲಿಲ್ಲ.

ಮಾವ ನ್ಯಾಮತಿಯಿಂದ ಲಾರಿಯ ಬ್ಯಾಟರಿಯೊಂದನ್ನು ತರಿಸಿಟ್ಟಿದ್ದರು. ಗಲ್ಲಾದ ಎದುರಿಗೆ ಒಂದು ಟ್ಯೂಬು ಕಟ್ಟಿದೆ. "ಅಡುಗೆ ಮನಿಗೊಂದು ಬ್ಯಾಡವಾ? ಕತ್ತಲಾಗೆ ಹಾಕಿದ ದೋಸಿ ಯಾರು ತಿಂತಾರೆ?" ಎಂದರು ಮಾವ. ಅಲ್ಲಿಗೂ ಒಂದು ಕಟ್ಟಿದೆ. ನನ್ನ ಮೇಜಿನ ಮೇಲೆ ನಾನು ಹಚ್ಚಿ ನೋಡಿದ್ದು ಒಂದೇ ಟ್ಯೂಬನ್ನು. ಎರಡಕ್ಕೇನು ಮಹಾ ಎಂದುಕೊಂಡೆ.

ಹೊತ್ತು ಇಳಿಯುತ್ತಿದ್ದಂತೆ ಕರೆಂಟು ಹೋಯಿತು. ಇಡೀ ಬೀದಿ ಕಪ್ಪಾಯಿತು. ನಮ್ಮ ಹೋಟೆಲು ಮಾತ್ರ ಬೆಳ್ಳಗೆ ನಿಂತಿತು. ಸಂತೆ ಮುಗಿಸಿದ ಜನ ಬೆಳಕಿಗೆ ಹುಳು ಮುತ್ತಿದಂತೆ ಒಳಗೆ ನುಗ್ಗಿದರು. ಬೆಂಚು ತುಂಬಿ, ಜನ ನಿಂತು ತಿನ್ನತೊಡಗಿದರು. ನಾನು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಗಲ್ಲಾದ ಪಕ್ಕ ನಿಂತೆ. ಯಾರಾದರೂ ಕೇಳಲಿ ಎಂದು ಕಾದೆ. ಅಷ್ಟರಲ್ಲಿ ಮೂಗಿಗೆ ವಾಸನೆ ಬಂತು. ಈರುಳ್ಳಿಯಲ್ಲ, ಬೆಲ್ಲವಲ್ಲ. ಸುಟ್ಟ ಹಲಗೆ. ಎರಡೂ ಟ್ಯೂಬು ಒಟ್ಟಿಗೆ ಆರಿದವು.

ಕತ್ತಲೆಯಲ್ಲಿ ಮೂಲೆಯಿಂದ ಒಂದು ದನಿ, "ನನ್ನ ವಡೆ ಯಾರು ತಗಂಡ್ರಿ?" ಎಂದಿತು. ಮಾವ ಲಾಟೀನು ಹಚ್ಚಿ ತಂದು ನನ್ನ ಮುಖಕ್ಕೆ ಹಿಡಿದರು. ಬಹಳ ಮರ್ಯಾದೆಯಿಂದ ಹೇಳಿದರು. "ಅಳಿಯಂದ್ರೆ, ಗಲ್ಲಾ ಇಲ್ಲೈತೆ. ದಿಂಬು ಹಾಕಿಸ್ಲಾ?"

"ಹೋಟ್ಲು ಬಂದ್ ಮಾಡಾತನ ಅಂದಿದ್ರಿ ಮಾವಾರೆ. ಇನ್ನೂ ಬಂದ್ ಆಗಿಲ್ಲ" ಎಂದೆ.

ಮುಚ್ಚಳ ತೆಗೆದೆ. ಮಾವನೂ ಬಗ್ಗಿ ಲಾಟೀನು ಹಿಡಿದರು. ಮಗಳ ರಂಗೋಲಿಯನ್ನು ಅವರು ಕಣ್ಣಾರೆ ನೋಡುತ್ತಿದ್ದುದು ಅದೇ ಮೊದಲು. ಎಳೆ ಒಂದು ಕಡೆ ಕಪ್ಪಾಗಿ ಕಿತ್ತುಬಂದಿತ್ತು. ಅದೇ ಎಳೆ ಮೊದಲು ಸುಟ್ಟು ಟ್ರಾನ್ಸಿಸ್ಟರುಗಳ ಜೀವ ಉಳಿಸಿತ್ತು.

"ಇದೇನಿದು, ಯಾವ ದಾರ್ಯಾಗೆ ಏನು ಹೊಕ್ಕತಿ?" ಎಂದರು ಮಾವ.

ನಾನು ಬೆರಳಿಟ್ಟು ತೋರಿಸಿದೆ. ಟ್ಯೂಬಿಗೆ ದುಡಿಯುವ ಭಾರೀ ಕರೆಂಟು ಟ್ರಾನ್ಸಿಸ್ಟರಿನಿಂದ ಬ್ಯಾಟರಿಗೆ ವಾಪಸು ಬರುವುದು ಈ ಎಳೆಯಲ್ಲಿ. ಯಾರ ಸರದಿ ಯಾವಾಗ ಎಂದು ಹೇಳುವ ಸಣ್ಣ ಕರೆಂಟು ಬರುವುದೂ ಇದೇ ಎಳೆಯಲ್ಲಿ. ಬಾಯಿಯನ್ನು ಬ್ಯಾಟರಿ ಮಗ್ಗುಲಿಗೇ ಕೊಯ್ದದ್ದರಿಂದ ಎಲ್ಲವೂ ಊರೆಲ್ಲ ಸುತ್ತಿಕೊಂಡು ಬರಬೇಕು.

ಮಾವ ತಲೆಯೆತ್ತಿ ನನ್ನನ್ನು ಮರುಕದಿಂದ ನೋಡಿದರು. "ಅಲ್ರೀ, ತುಂಬಿದ ತಟ್ಟಿ ಬರಾದು, ಎಂಜಲ ತಟ್ಟಿ ಹೋಗಾದು, ನೀರಿನ ಕೊಡ ಬರಾದು, ಎಲ್ಲಾ ಒಂದೇ ಓಣ್ಯಾಗೆ ಮಾಡಿದ್ರೆ ಸಂತೆ ದಿನ ಡಿಕ್ಕಿ ಹೊಡೀದೇ ಇರ್ತಾವೇನ್ರಿ? ನಾನು ಆ ಹಿತ್ತಲ ಬಾಗಿಲು ಯಾಕೆ ಒಡೆಸಿದ್ದು? ನಿಮಗೆ ಗಲ್ಲಾ ಕೊಟ್ಟ ಮ್ಯಾಲೆ ಇಂಥವೆಲ್ಲ ಕಲಿಸ್ತೀನಿ ಬಿಡ್ರಿ."

ನಾನು ಲಾಟೀನಿನ ಬೆಳಕಿನಲ್ಲಿ ಅವರ ಹಿತ್ತಲ ಬಾಗಿಲು ನೋಡಿದೆ, ಬೋರ್ಡು ನೋಡಿದೆ. ಭಾರೀ ಕರೆಂಟಿಗೆ ಪ್ರತ್ಯೇಕ ಹಿತ್ತಲ ಬಾಗಿಲು. ದಪ್ಪ ತಾಮ್ರದ ವೈರು, ಟ್ರಾನ್ಸಿಸ್ಟರಿನಿಂದ ನೇರ ಬ್ಯಾಟರಿಯ ಮೊಳೆಗೆ. ಸಣ್ಣ ಕರೆಂಟಿಗೆ ಬೇರೆ ಸಣ್ಣ ವೈರು, ಅದೇ ಮೊಳೆಗೆ. ಎರಡೂ ಭೇಟಿಯಾಗುವುದು ಅಲ್ಲೊಂದೇ ಕಡೆ. ರಂಗೋಲಿಯ ಎಳೆಗೆ ಇನ್ನು ಭಾರವಿಲ್ಲ. ವೈರು ನನ್ನ ಚೀಲದಲ್ಲೇ ಇತ್ತು. ಬೆಸುಗೆ ಹಾಕುವ ಐರನ್ನೂ ಇತ್ತು. ಅದನ್ನು ಕೈಯಲ್ಲಿ ಹಿಡಿದು ಗೋಡೆಯ ಪ್ಲಗ್ಗಿನವರೆಗೆ ಹೋದವನು ಅಲ್ಲೇ ನಿಂತೆ. ಕರೆಂಟಿಲ್ಲ.

ಮಾವ ಕೆಮ್ಮಿದರು. ಆ ಕೆಮ್ಮನ್ನು ನಾನು ಇವತ್ತಿಗೂ ಮರೆತಿಲ್ಲ.

ನೀಲಮ್ಮ ಅಡುಗೆಮನೆಯಿಂದ ಬಂದಳು. "ಅದರ ತುದಿ ಬಿಚ್ಚಾಕೆ ಬರ್ತತಾ?" ಎಂದಳು. ಬರುತ್ತಿತ್ತು. ಐರನ್ನಿನ ತಾಮ್ರದ ತುದಿಯನ್ನು ತಿರುಪು ಸಡಿಲಿಸಿ ಎಳೆದುಕೊಟ್ಟೆ. ಅವಳು ಅದನ್ನು ಇಕ್ಕಳದಲ್ಲಿ ಹಿಡಿದು ದೋಸೆ ಒಲೆಯ ಕೆಂಡದೊಳಗೆ ತುರುಕಿದಳು. ಕಾದದ್ದನ್ನು ಓಡಿ ತಂದುಕೊಡುವುದು, ಅದು ತಣ್ಣಗಾಗುವ ಮೊದಲು ನಾನು ಒಂದು ಬೆಸುಗೆ ಹಾಕುವುದು, ಮತ್ತೆ ಅವಳು ಓಡುವುದು. ತಿಂಡಿಗೆ ಬಂದವರು ತಟ್ಟೆ ಕೈಯಲ್ಲಿ ಹಿಡಿದು ಸುತ್ತ ನಿಂತರು. ದೋಸೆ ನಿಂತುಹೋಗಿತ್ತು, ಯಾರೂ ಕೇಳಲಿಲ್ಲ. ಒಬ್ಬಾತ, "ಈ ಹೋಟ್ಲಾಗೆ ಈಗ ಇಕ್ಕಳದಾಗೂ ಬಡಿಸ್ತಾರೇನಪ" ಎಂದ.

ಕೊನೆಯ ಬೆಸುಗೆ ಹಾಕಿ ಬೆವರು ಒರೆಸಿಕೊಳ್ಳುವುದಕ್ಕೂ ಸರ್ಕಾರದ ಕರೆಂಟು ಬರುವುದಕ್ಕೂ ಸರಿಹೋಯಿತು. ಬೀದಿಯೆಲ್ಲ ಹೋ ಎಂದಿತು. ಇನ್ನು ನನ್ನ ಪೆಟ್ಟಿಗೆ ಉರಿಯುತ್ತದೋ ಇಲ್ಲವೋ ನೋಡುವ ಅಗತ್ಯ ಯಾರಿಗೂ ಇರಲಿಲ್ಲ. ಜನ ಕಂಡದ್ದು ಒಂದೇ: ಹತ್ತಿತು, ಆರಿತು. ಮಾತಿನ ಪ್ರಕಾರ ಮಾವ ಗೆದ್ದಿದ್ದರು.

ಮಾವ ಗಲ್ಲಾದಿಂದ ಎದ್ದರು. ಬಾಗಿಲ ಪಕ್ಕದ ಗೋಡೆಯ ಹತ್ತಿರ ಹೋದರು. ಮೇನ್ ಸ್ವಿಚ್ಚಿನ ಹಿಡಿ ಹಿಡಿದು ಕೆಳಗೆಳೆದರು. ಹೋಟೆಲು ಮತ್ತೆ ಕತ್ತಲಾಯಿತು.

"ಹಚ್ಚ್ರಿ" ಎಂದರು.

ಹಚ್ಚಿದೆ. ಎರಡೂ ಟ್ಯೂಬು ಒಂದೇ ಸಲಕ್ಕೆ ಕಣ್ಣು ಬಿಟ್ಟವು. ಬೋರ್ಡಿನ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಮಾವ ತಿರುಗಿ ಬಂದು ಗಲ್ಲಾದ ಮೇಲೆ ಕೂತರು. ನೀಲಮ್ಮ ಒಳಗೆ ಹೋಗಿ ಹೆಂಚಿಗೆ ನೀರು ಚಿಮುಕಿಸಿದ ಸದ್ದು ಕೇಳಿತು. ಎದುರಿನ ಕಿರಾಣಿ ಅಂಗಡಿಯವರು ಬಂದು, "ಎಲ್ಲಾ ಕಡಿಗೂ ಕರೆಂಟು ಬಂದೈತಲ್ಲ ಹಾಲಪ್ಪಾರೆ, ನಿಮ್ಮದು ಮೇನ್ ಯಾಕೆ ಇಳಿಸೀರಿ?" ಎಂದು ಕೇಳಿದರು.

"ಅದನ್ನ ನಂಬಾಕಾಗಲ್ಲ. ಇದು ಮನಿ ಕರೆಂಟು" ಎಂದರು ಮಾವ, ಚಿಲ್ಲರೆಯಿಂದ ತಲೆ ಎತ್ತದೆ.

ಕೊನೆಯ ಗಿರಾಕಿ ಕೈ ತೊಳೆದು ಹೋಗಿ, ಬೆಂಚು ಮೇಲೆತ್ತಿ ನೆಲಕ್ಕೆ ನೀರು ಹಾಕುವವರೆಗೂ ಅವರು ಆ ಹಿಡಿ ಎತ್ತಲಿಲ್ಲ. ಬಾಗಿಲು ಹಾಕುವಾಗ ಬೀಗ ತಿರುಗಿಸುತ್ತಾ ಹೇಳಿದರು. "ಗಲ್ಲಾಕ್ಕೆ ನನ್ನ ತಮ್ಮನ ಮಗನ್ನ ಕರೀತೀನಿ. ನೀವು ಅಲ್ಲಿ ಕುಂತ್ರೂ ನಿಮ್ಮ ಕಣ್ಣೆಲ್ಲ ಟ್ಯೂಬಿನ ಮ್ಯಾಲೇ ಇರ್ತತಿ. ನನ್ನ ಹೋಟ್ಲು ಮುಳುಗ್ತತಿ." ಹೊಗಳಿಕೆಯಾಗಿ ಅವರಿಂದ ನನಗೆ ಸಿಕ್ಕಿದ್ದು ಅಷ್ಟೇ. ಅದನ್ನು ನಾನು ಅಷ್ಟೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಆಮೇಲೆ ಬಹಳ ವರ್ಷ ನಮ್ಮ ಅಂಗಡಿಯ ಬೋರ್ಡುಗಳಿಗೆಲ್ಲ ನೀಲಮ್ಮನೇ ಗೆರೆ ಎಳೆದಳು. ಬಾಯಿ ಎಲ್ಲಿ ಬಿಡಬೇಕು, ದಪ್ಪ ಎಳೆ ಯಾರಿಗೆ, ಸಣ್ಣ ಎಳೆ ಯಾರಿಗೆ ಎಂಬುದರಲ್ಲಿ ನಮಗೆ ಜಗಳವಾಗದೆ ಒಂದು ಬೋರ್ಡೂ ಹೊರಗೆ ಹೋಗಿಲ್ಲ. ಗೆದ್ದವರು ಯಾರೆಂದು ಕೇಳಬೇಡಿ, ದೀಪ ಹತ್ತುತ್ತಿತ್ತು.

ಈಗ ಇರುವುದು ಇಷ್ಟು: ಚನ್ನಗಿರಿಯಲ್ಲಿ ಒಂದು ಅಂಗಡಿ, ಎರಡು ಮೇಜು, ಮೂರು ಐರನ್ನು, ಒಂದು ಮೀಟರು, ಇಬ್ಬರು ಮಾಲೀಕರು.